ಎಳೆಯ ಮಕ್ಕಳ ಊಟದಲ್ಲಿ ‘ಬಿ’ ಜೀವಸತ್ವ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ಎಳೆಯ ಮಕ್ಕಳ ರಕ್ತಹೀನತೆಯ ಬಗ್ಗೆ ಬರೆದಾಗ ಹೆಚ್ಚಾಗಿ ಕಬ್ಬಿಣಾಂಶದ ಮಾತನ್ನೇ ಆಡಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಬಹುಪಾಲು ಹಳ್ಳಿಗಳಿಂದ ಬಂದವು. ಅವುಗಳಲ್ಲಿ ವಿವರಿಸಿರುವ ಲಕ್ಷಣಗಳನ್ನು ಓದುತ್ತಾ ಹೋದಂತೆ, ಕಬ್ಬಿಣಕ್ಕಿಂತ ‘ಬಿ’ ಗುಂಪಿನ ಜೀವಸತ್ವಗಳ ಕೊರತೆಯೇ ಇಲ್ಲಿ ಮುಖ್ಯವೆಂದು ನನಗೆ ಅನ್ನಿಸಿತು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಹತ್ತು ತಿಂಗಳ ಒಂದು ಹೆಣ್ಣುಕೂಸು ಇದೆ. ತೂಕ ಅಷ್ಟೇನೂ ಕಡಿಮೆ ಇಲ್ಲ, ಕೆನ್ನೆ ತುಂಬಿಕೊಂಡೇ ಇದೆ. ಆದರೆ ಎರಡು ತಿಂಗಳ ಹಿಂದೆ ಕುಳಿತುಕೊಳ್ಳುತ್ತಿದ್ದ ಕೂಸು ಈಗ ಕೂರುವುದಿಲ್ಲ, ಕರೆದರೆ ನಗುವುದಿಲ್ಲ. ಬೆರಳಿನ ಗೆಣ್ಣುಗಳು ಕಪ್ಪಾಗಿವೆ, ಕೂದಲು ಕೆಂಚಗಾಗಿ ವಿರಳವಾಗಿದೆ. ನಾಲ್ಕು ದಿನದಿಂದ ಕೈ ನಡುಗುತ್ತಿದೆ. ಮನೆಯವರು ದೃಷ್ಟಿ ತಾಗಿದೆ ಎಂದು ತಾಯಿತ ಕಟ್ಟಿಸಿದ್ದಾರೆ. ತಾಯಿ ಎದೆಹಾಲು ಬಿಟ್ಟು ಬೇರೇನನ್ನೂ ಕೊಡುತ್ತಿಲ್ಲ. ಇದು ಯಾವ ಕಾಯಿಲೆ?

ಉತ್ತರ: ನೀವು ಬರೆದಿರುವ ರೀತಿಯಲ್ಲೇ ಅರ್ಧ ರೋಗನಿರ್ಣಯ ಆಗಿದೆ, ತಾಯಿ. ತುಂಬಿದ ಕೆನ್ನೆ, ಕಳೆದುಹೋದ ನಗು, ಕಲಿತದ್ದನ್ನು ಮರೆತ ಕೂಸು, ಕಪ್ಪಾದ ಗೆಣ್ಣು, ಕೆಂಚು ಕೂದಲು, ಕೈಯ ನಡುಕ: ಇವೆಲ್ಲ ಒಟ್ಟಾಗಿ ಕಂಡರೆ ನಾವು ಮೊದಲು ಅನುಮಾನಿಸುವುದು ಬಿ12 ಜೀವಸತ್ವದ ತೀವ್ರ ಕೊರತೆಯನ್ನು. ವೈದ್ಯರು ಇದನ್ನು ‘ಶಿಶು ಕಂಪನ ಲಕ್ಷಣಕೂಟ’ ಎಂದು ಕರೆಯುತ್ತಾರೆ. ಕೂಸು ನಿದ್ದೆ ಹೋದಾಗ ಕೈಯನ್ನು ಗಮನಿಸಿ. ನಡುಕ ನಿಂತಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಇದು ನಮ್ಮ ದೇಶದ ಬಡ ಮನೆಗಳಲ್ಲಿ ಬಹಳ ಕಾಲದಿಂದ ಕಂಡುಬರುತ್ತಿರುವ ಕಾಯಿಲೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು 1962ರಲ್ಲಿಯೇ ಇಂಥ ಶಿಶುಗಳನ್ನು ಪರೀಕ್ಷಿಸಿ, ಮೂಲ ಇರುವುದು ಬಿ12 ಇಲ್ಲದ ತಾಯಿಯ ಹಾಲಿನಲ್ಲಿ ಎಂದು ತೋರಿಸಿಕೊಟ್ಟಿದ್ದರು. ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ಅದು ಸೂಕ್ಷ್ಮಜೀವಿಗಳ ಕೆಲಸ. ಹಸು, ಆಡು, ಕೋಳಿ, ಮೀನುಗಳ ದೇಹದಲ್ಲಿ ಅದು ಸಂಗ್ರಹವಾಗುತ್ತದೆ, ನಮಗೆ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳ ಮೂಲಕ ಮಾತ್ರ. ರೊಟ್ಟಿ, ಖಾರದ ಪುಡಿ, ಒಂದಿಷ್ಟು ಪಲ್ಯ ಉಂಡು ದಿನ ದೂಡುವ ತಾಯಿಯ ಮೈಯಲ್ಲಿ ಬಿ12 ಬರಿದಾಗಿರುತ್ತದೆ. ಹೊಟ್ಟೆಯಲ್ಲಿದ್ದಾಗ ಕೂಸು ತಾಯಿಯಿಂದ ಪಡೆದ ಅಲ್ಪ ದಾಸ್ತಾನು ನಾಲ್ಕಾರು ತಿಂಗಳಲ್ಲಿ ಮುಗಿಯುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುತ್ತಿರುವ ಆ ಹೊತ್ತಿನಲ್ಲಿಯೇ ನರತಂತುಗಳ ಹೊದಿಕೆಗೆ ಬೇಕಾದ ಸಾಮಗ್ರಿ ತೀರಿಹೋಗಿರುತ್ತದೆ. ಎದೆಹಾಲಿನಲ್ಲಿ ಕೊಬ್ಬು, ಸಕ್ಕರೆ ಇರುವುದರಿಂದ ಕೂಸು ದುಂಡಗೆ ಕಾಣುತ್ತದೆ. ತೂಕದ ತಕ್ಕಡಿ ಈ ಕೊರತೆಯನ್ನು ಹಿಡಿಯುವುದಿಲ್ಲ. ಅಂಗನವಾಡಿಯ ಬೆಳವಣಿಗೆ ಚಾರ್ಟಿನಲ್ಲಿ ಹಸಿರು ಬಣ್ಣದಲ್ಲಿಯೇ ಇರುವ ಕೂಸು ಹೀಗೆ ಮಂಕಾಗಿ ಕುಳಿತುಬಿಡುವುದನ್ನು ನಾನು ಹಲವು ಸಲ ಕಂಡಿದ್ದೇನೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕೂಸನ್ನೂ ತಾಯಿಯನ್ನೂ ನಾಳೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿತವನ್ನು ಬಿಚ್ಚಿಸುವ ಜಗಳಕ್ಕೆ ಹೋಗಬೇಡಿ. ಅದು ಕೈಯಲ್ಲಿದ್ದರೂ ಚಿಕಿತ್ಸೆಗೆ ಅಡ್ಡಿಯಿಲ್ಲ, ಹಿರಿಯರ ಮನಸ್ಸು ನೊಂದರೆ ಕೂಸು ಆಸ್ಪತ್ರೆಗೆ ಬರುವುದೇ ತಪ್ಪಿಹೋಗಬಹುದು. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಈ ಕೊರತೆಯ ಸುಳಿವು ಸಿಗುತ್ತದೆ. ಬಿ12 ಚುಚ್ಚುಮದ್ದು ಆರಂಭಿಸಿದ ಮೇಲೆ ಕೆಲವು ಮಕ್ಕಳಲ್ಲಿ ನಡುಕ ಕೆಲ ದಿನ ಹೆಚ್ಚಾಗುವುದುಂಟು, ಆದ್ದರಿಂದ ಮೊದಲ ದಿನಗಳ ಚಿಕಿತ್ಸೆ ವೈದ್ಯರ ಕಣ್ಣೆದುರಿಗೇ ನಡೆಯಬೇಕು. ಎದೆಹಾಲನ್ನು ನಿಲ್ಲಿಸುವಂತಿಲ್ಲ, ತಾಯಿಗೂ ಬಿ12 ಕೊಡಿಸಬೇಕು, ಜೊತೆಗೆ ಕೂಸಿಗೆ ಮೆತ್ತನೆಯ ಊಟ ಆರಂಭವಾಗಬೇಕು. ಆರು ತಿಂಗಳು ತುಂಬಿದಾಗಲೇ ಆರಂಭವಾಗಬೇಕಿದ್ದ ಊಟ ಇದು, ನಾಲ್ಕು ತಿಂಗಳು ತಡವಾಗಿದೆ.

ಚಿಕಿತ್ಸೆಯಲ್ಲಿ ಮೊದಲು ಮರಳುವುದು ಕೂಸಿನ ನೋಟ. ರಕ್ತ ಏರುವುದಕ್ಕೆ, ಗೆಣ್ಣಿನ ಕಪ್ಪು ಮಾಸುವುದಕ್ಕೆ ವಾರಗಳು ಬೇಕು. ಆದರೆ ಕೆಲವೇ ದಿನಗಳಲ್ಲಿ ಕೂಸು ತಾಯಿಯ ಮುಖವನ್ನು ಹುಡುಕತೊಡಗುತ್ತದೆ. ವಾರ್ಡಿನಲ್ಲಿ ಒಬ್ಬ ತಾಯಿ ಬೆಳಗಿನ ಜಾವ ದಾದಿಯನ್ನು ಎಬ್ಬಿಸಿ, ‘ಅಕ್ಕಾರ, ನೋಡ್ರಿ, ನನ್ನ ಬಳಿ ಹಿಡಕೊಂಡೈತಿ’ ಎಂದು ಗಾಜಿನ ಬಳೆಗೆ ಸುತ್ತಿದ್ದ ಕೂಸಿನ ಬೆರಳುಗಳನ್ನು ತೋರಿಸಿದ್ದು ನನಗೆ ಈಗಲೂ ನೆನಪಿದೆ. ತಡವಾದಷ್ಟೂ ಮಾತು, ಕಲಿಕೆ ಹಿಂದೆ ಬೀಳುವ ಅಪಾಯ ಹೆಚ್ಚು. ಹಾಗಾಗಿ ಮುಂದಿನ ಸಂತೆಯ ದಿನದವರೆಗೆ ಕಾಯುವುದು ಬೇಡ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಒಂದನೆಯ, ಎರಡನೆಯ ತರಗತಿಯ ಮಕ್ಕಳಲ್ಲಿ ಅನೇಕರಿಗೆ ಬಾಯಿಯ ಎರಡೂ ಮೂಲೆಗಳು ಬಿರಿದು ಬೆಳ್ಳಗೆ ಹುಣ್ಣಾಗಿವೆ. ನಾಲಿಗೆ ಕೆಂಪಾಗಿ ನುಣ್ಣಗಾಗಿದೆ. ಪೋಷಕರು ‘ಉಷ್ಣ ಆಗಿದೆ’ ಎನ್ನುತ್ತಾರೆ. ಇದು ಅಂಟುರೋಗವೇ?

ಉತ್ತರ: ಕಟವಾಯಿ ಬಿರಿಯುವುದು ಮತ್ತು ನಾಲಿಗೆ ನುಣ್ಣಗಾಗುವುದು ಒಟ್ಟಿಗೆ, ಅದೂ ಒಂದೇ ಊರಿನ ಹಲವು ಮಕ್ಕಳಲ್ಲಿ ಕಂಡರೆ ಬಿ2, ಅಂದರೆ ರೈಬೋಫ್ಲೇವಿನ್ ಕೊರತೆಯನ್ನು ಮೊದಲು ನೆನೆಯಬೇಕು. ಇದು ಅಂಟುವ ಕಾಯಿಲೆಯಲ್ಲ. ಆ ಮಕ್ಕಳನ್ನು ಬೇರೆ ಕೂರಿಸಬೇಡಿ. ಬಿ6, ಕಬ್ಬಿಣಾಂಶ ಕಡಿಮೆಯಾದರೂ ಹೀಗಾಗಬಹುದು, ಬಡವರ ಊಟದಲ್ಲಿ ಒಂದೇ ಒಂದು ಕೊರತೆ ಇರುವುದು ಅಪರೂಪ. ಕೀವು, ಹುರುಪೆ ಕಂಡರೆ ಮಾತ್ರ ಸೋಂಕಿಗಾಗಿ ತೋರಿಸಿ.

ಬಿ2 ಧಾರಾಳವಾಗಿರುವುದು ಹಾಲು, ಮೊಸರು, ಮೊಟ್ಟೆಗಳಲ್ಲಿ. ಸೊಪ್ಪುಗಳಲ್ಲೂ ತಕ್ಕಮಟ್ಟಿಗೆ ಇದೆ. ಅಡುಗೆಯ ಬಿಸಿಯನ್ನು ಅದು ತಾಳಿಕೊಳ್ಳುತ್ತದೆ, ಬೆಳಕನ್ನು ತಾಳುವುದಿಲ್ಲ. ಹಾಲನ್ನು ತೆರೆದ ಪಾತ್ರೆಯಲ್ಲಿ ಬಿಸಿಲಿಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ಬಹಳಷ್ಟು ನಷ್ಟವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮನೆಯಲ್ಲಿ ಎಮ್ಮೆ ಇದೆ, ಬೆಳಗ್ಗೆ ಕರೆದ ಹಾಲೆಲ್ಲ ಡೇರಿಗೆ ಹೋಗುತ್ತದೆ, ಮಗು ಕರಿಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ಶಾಲೆಗೆ ಬರುತ್ತದೆ. ಡೇರಿಯ ದುಡ್ಡಿನಿಂದಲೇ ಆ ಮನೆಯ ಸಾಲ ತೀರಬೇಕು ಎಂಬುದನ್ನು ಬಲ್ಲೆ, ಹಾಲು ಮಾರಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಕ್ಯಾನಿಗೆ ಸುರಿಯುವ ಮುನ್ನ ಒಂದು ಲೋಟ ಎತ್ತಿಡಿ ಎಂದಷ್ಟೇ ಪೋಷಕರ ಸಭೆಯಲ್ಲಿ ತಿಳಿಸಿ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲನ್ನು, ಪುಡಿಯಿಂದ ಮಾಡಿದ್ದೆಂಬ ಕಾರಣಕ್ಕೆ ಮಕ್ಕಳು ಚೆಲ್ಲುವುದನ್ನು ಕಂಡಿದ್ದೇನೆ. ಪುಡಿ ಹಾಲಿನಲ್ಲೂ ಬಿ2, ಬಿ12 ಬಹುಪಾಲು ಉಳಿದಿರುತ್ತವೆ. ದಯವಿಟ್ಟು ತರಗತಿಯಲ್ಲಿ ಅವರ ಜೊತೆ ನೀವೂ ಒಂದು ಲೋಟ ಕುಡಿಯಿರಿ.

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು, ವಯಸ್ಸು ಅರವತ್ತೆಂಟು. ಸೊಸೆಗೆ ಹೆರಿಗೆಯಾಗಿ ಇಪ್ಪತ್ತು ದಿನ. ನಮ್ಮಲ್ಲಿ ಬಾಣಂತಿಗೆ ಮೂರು ತಿಂಗಳು ಪಥ್ಯ: ಬಿಳಿ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಊಟದ ಮೇಲೆ ಎಲೆಯಡಿಕೆ. ಬೇಳೆ, ಸೊಪ್ಪು, ಹಣ್ಣು ಕೊಡುವುದಿಲ್ಲ, ನೀರೂ ಕಡಿಮೆ. ಆಶಾ ಕಾರ್ಯಕರ್ತೆ ಎಲ್ಲವನ್ನೂ ಕೊಡಿ ಎನ್ನುತ್ತಾಳೆ. ನಾನು ಐದು ಹೆತ್ತವಳು, ಹೀಗೆಯೇ ಪಥ್ಯ ಮಾಡಿದವಳು. ತಪ್ಪೇನು?

ಉತ್ತರ: ಅಮ್ಮಾ, ನಿಮ್ಮ ಅನುಭವವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಬಾಣಂತನದ ವಿಶ್ರಾಂತಿ, ಎಣ್ಣೆನೀರು, ಬೆಚ್ಚನೆಯ ಊಟ ಎಲ್ಲವೂ ಒಳ್ಳೆಯವೇ. ಆದರೆ ನಿಮ್ಮ ಕಾಲದ ಅನ್ನಕ್ಕೂ ಈಗಿನ ಅನ್ನಕ್ಕೂ ಬಹಳ ವ್ಯತ್ಯಾಸವಿದೆ. ಆಗ ಮನೆಯಲ್ಲಿ ಭತ್ತ ಕುಟ್ಟುತ್ತಿದ್ದರು, ಅಥವಾ ಕುಚ್ಚಲಕ್ಕಿ ಉಣ್ಣುತ್ತಿದ್ದರು. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿ ಒಣಗಿಸುವಾಗ ಹೊರಪದರದ ಬಿ1 ಕಾಳಿನ ಒಳಗೆ ಇಳಿಯುತ್ತದೆ, ಆಮೇಲೆ ಗಿರಣಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ಈಗಿನ ಬೆಳ್ಳನೆಯ ಅಕ್ಕಿಯಲ್ಲಿ ಆ ಪದರವೆಲ್ಲ ತೌಡಾಗಿ ಹೋಗಿರುತ್ತದೆ. ಉಳಿದ ಚೂರುಪಾರನ್ನು ನಾವು ಮೂರು ನಾಲ್ಕು ಸಲ ತೊಳೆದು ಅಕ್ಕಚ್ಚಿನಲ್ಲಿ ಚೆಲ್ಲುತ್ತೇವೆ, ಮಿಕ್ಕಿದ್ದನ್ನು ಗಂಜಿಯಲ್ಲಿ ಬಸಿಯುತ್ತೇವೆ. ಒಂದು ಮನೆಯಲ್ಲಿ ನಾನು ಕುಳಿತಿದ್ದಾಗಲೇ ಬಾಣಂತಿಯ ಅನ್ನದ ಗಂಜಿಯನ್ನು ಬಸಿದು ಎಮ್ಮೆಯ ಬಾನಿಗೆ ಸುರಿದರು. ಆ ಮನೆಯಲ್ಲಿ ಅಂದಿನ ಬಿ1 ಸಿಕ್ಕಿದ್ದು ಎಮ್ಮೆಗೆ.

ಬಿ1, ಅಂದರೆ ಥಯಮಿನ್, ದೇಹದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಎರಡು ಮೂರು ವಾರ ಊಟದಲ್ಲಿ ಸಿಗದಿದ್ದರೆ ದಾಸ್ತಾನು ಖಾಲಿಯಾಗುತ್ತದೆ. ತಾಯಿಗೆ ಕಾಲು ಜುಮ್ಮೆನ್ನುವುದು, ಸುಸ್ತು ಇಷ್ಟೇ ಕಾಣಬಹುದು, ಅದನ್ನು ಬಾಣಂತನದ ನಿಶ್ಶಕ್ತಿ ಎಂದುಕೊಳ್ಳುತ್ತೇವೆ. ಅವಳ ಹಾಲನ್ನೇ ನಂಬಿದ ಕೂಸಿಗೆ ಮಾತ್ರ ಎರಡು ಮೂರು ತಿಂಗಳಿನ ಸುಮಾರಿಗೆ ಗುಂಡಿಗೆ ಸೋಲತೊಡಗುತ್ತದೆ. ಚೆನ್ನಾಗಿದ್ದ ಕೂಸು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಅಳುವಾಗ ಬಾಯಿ ತೆರೆದಿರುತ್ತದೆ, ದನಿ ಒಡೆದಿರುತ್ತದೆ ಅಥವಾ ಹೊರಡುವುದೇ ಇಲ್ಲ. ದನಿಯಿಲ್ಲದ ಆ ಅಳುವನ್ನು ಒಮ್ಮೆ ಕಂಡವರು ಮರೆಯಲಾರರು. ಶಿಶು ಬೆರಿಬೆರಿ ಎಂಬ ಈ ಕಾಯಿಲೆ ಕೆಲವೇ ಗಂಟೆಗಳಲ್ಲಿ ಕೂಸನ್ನು ಕೊಂಡೊಯ್ಯಬಲ್ಲದು; ಸಕಾಲದಲ್ಲಿ ಥಯಮಿನ್ ಚುಚ್ಚುಮದ್ದು ಬಿದ್ದರೆ ಅಷ್ಟೇ ಬೇಗ, ಕೆಲವು ಗಂಟೆಗಳಲ್ಲಿಯೇ ಚೇತರಿಕೆ ಕಾಣುತ್ತದೆ. ಇದು ಎಲ್ಲೋ ದೂರದ ದೇಶದ ಕಥೆಯಲ್ಲ. ಎದೆಹಾಲು ಮಾತ್ರ ಕುಡಿಯುತ್ತಿದ್ದ ಶಿಶುಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಬಲ ಗುಂಡಿಗೆ ಸೋತ ಸ್ಥಿತಿಯಲ್ಲಿ ಬಂದಾಗ ಥಯಮಿನ್ ಕೊಟ್ಟು ಉಳಿಸಿಕೊಂಡ ಬಗ್ಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಬರೆದಿದ್ದಾರೆ. ಆ ತಾಯಂದಿರ ಊಟ ನೀವು ಬರೆದಿರುವ ಪಥ್ಯದಂತೆಯೇ ಇತ್ತು.

ಪಥ್ಯವನ್ನು ಪೂರ್ತಿ ಮುರಿಯಬೇಕೆಂದೇನೂ ಇಲ್ಲ. ಕಾಳುಮೆಣಸಿನ ಸಾರಿಗೆ ಒಂದು ಹಿಡಿ ಹೆಸರುಬೇಳೆ ಅಥವಾ ತೊಗರಿಬೇಳೆ ಬೇಯಿಸಿ ಸೇರಿಸಿ. ಅನ್ನವನ್ನು ಇಂಗಿಸಿ ಮಾಡಿ, ಗಂಜಿ ಬಸಿಯಬೇಡಿ. ಸಿಕ್ಕರೆ ಕುಚ್ಚಲಕ್ಕಿಯನ್ನೇ ಬಳಸಿ. ಬೆಲ್ಲ, ಎಳ್ಳಿನ ಉಂಡೆ ಬಾಣಂತಿಗೆ ಹೊಸದಲ್ಲ, ಎಳ್ಳಿನಲ್ಲಿ ಬಿ1 ಚೆನ್ನಾಗಿದೆ. ಬೇಳೆ ಬೇಗ ಬೇಯಲೆಂದು ಸೋಡಾ ಹಾಕುವ ಅಭ್ಯಾಸವಿದ್ದರೆ ಬಿಡಿ, ಕ್ಷಾರ ತಗುಲಿದರೆ ಬಿ1 ಉಳಿಯುವುದಿಲ್ಲ. ಎಲೆಯಡಿಕೆಯನ್ನು ನಿಲ್ಲಿಸಿ, ಅಡಿಕೆಯಲ್ಲಿ ಬಿ1 ಅನ್ನು ಕೆಡಿಸುವ ಅಂಶವಿದೆ. ಕಡು ಚಹಾ ಕೂಡ ಹಾಗೆಯೇ. ಬಾಯಾರಿಕೆಯಾದಷ್ಟು ನೀರು ಕೊಡಿ. ಬೇಳೆಯಿಂದ ಕೂಸಿಗೆ ವಾಯು ಆಗುತ್ತದೆ ಎಂಬ ಭಯ ನಿಮಗಿರಬಹುದು. ಬೇಳೆ ಇಲ್ಲದೆ ಆಗುವ ಅನಾಹುತದ ಮುಂದೆ ಅದು ಏನೂ ಅಲ್ಲ. ನಿಮ್ಮ ಮಾತನ್ನು ಸೊಸೆ ಮೀರಲಾರಳು, ಆದ್ದರಿಂದ ಈ ಬದಲಾವಣೆ ನಿಮ್ಮ ಕೈಯಿಂದಲೇ ಆಗಬೇಕು.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಸಿಕ್ಕಿದೆ. ಬಣ್ಣ ಸ್ವಲ್ಪ ಬೇರೆ, ನೀರಿಗೆ ಹಾಕಿದರೆ ತೇಲುತ್ತದೆ. ನನ್ನ ಹೆಂಡತಿ ಅದನ್ನು ಆರಿಸಿ ಎಸೆಯುತ್ತಾಳೆ. ಮಕ್ಕಳಿಗೆ ಕೊಡಬಹುದೇ? (ಚಾಮರಾಜನಗರ ಜಿಲ್ಲೆಯಿಂದ)

ಉತ್ತರ: ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಶಾವಿಗೆಯಂತೆ ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ಕತ್ತರಿಸಿದ ಕಾಳು. ಸಾಮಾನ್ಯ ಅಕ್ಕಿಯ ನೂರು ಪಾಲಿಗೆ ಇದನ್ನು ಒಂದು ಪಾಲು ಬೆರೆಸುತ್ತಾರೆ. 2021ರ ಸ್ವಾತಂತ್ರ್ಯ ದಿನದಂದು ಈ ಯೋಜನೆಯ ಘೋಷಣೆಯಾಯಿತು. ಒತ್ತಿ ಮಾಡಿದ ಕಾಳಾದ್ದರಿಂದ ಅದು ಹಗುರ, ಹಾಗಾಗಿ ತೇಲುತ್ತದೆ. ನಿಮ್ಮ ಮನೆಯವರು ಆರಿಸಿ ಎಸೆಯುತ್ತಿರುವುದು ಇಡೀ ಮೂಟೆಯಲ್ಲಿ ಸೇರಿಸಿದ ಜೀವಸತ್ವವನ್ನೇ. ಈ ಗಾಬರಿಗೆ ಅವರನ್ನು ದೂರುವುದು ಸರಿಯಲ್ಲ. ಚೀಲ ಕೈಗೆ ಕೊಡುವಾಗ ಒಂದು ಮಾತು ವಿವರಿಸಿದ್ದರೆ ಇಷ್ಟು ಅನುಮಾನ ಹುಟ್ಟುತ್ತಿರಲಿಲ್ಲ.

ಅದರ ಮೇಲೆಯೇ ಭಾರ ಹಾಕಿ ಕೂರುವುದೂ ಬೇಡ. ನಿಯಮದ ಪ್ರಕಾರ ಇಂಥ ಅಕ್ಕಿಯ ಒಂದು ಕಿಲೋದಲ್ಲಿ ಬಿ12 ಇರುವುದು 0.75ರಿಂದ 1.25 ಮೈಕ್ರೊಗ್ರಾಂ. ದಿನಕ್ಕೆ ನೂರು ಗ್ರಾಂ ಅಕ್ಕಿಯ ಅನ್ನ ಉಣ್ಣುವ ಮಗುವಿಗೆ ಅದರಿಂದ ಸಿಗುವುದು ಸುಮಾರು 0.1 ಮೈಕ್ರೊಗ್ರಾಂ, ಬೇಕಾದದ್ದರ ಹತ್ತರಲ್ಲೊಂದು ಪಾಲು ಮಾತ್ರ. ಬಿ1 ಸೇರಿಸುವುದು ಕಡ್ಡಾಯವಲ್ಲ, ಆದ್ದರಿಂದ ಹಿಂದಿನ ಉತ್ತರದಲ್ಲಿ ಹೇಳಿದ ತೊಂದರೆಗೆ ಈ ಅಕ್ಕಿ ಮದ್ದಲ್ಲ. ನಿಮ್ಮ ಜಿಲ್ಲೆಯ ಹಾಡಿಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಹುಟ್ಟುಕಾಯಿಲೆ, ಇರುವ ಮಕ್ಕಳಿದ್ದಾರೆ. ಈ ಅಕ್ಕಿಯಲ್ಲಿ ಕಬ್ಬಿಣಾಂಶ ಇರುವುದರಿಂದ, ಮನೆಯಲ್ಲಿ ಅಂಥ ಮಗುವಿದ್ದರೆ ಅದರ ಊಟದ ಬಗ್ಗೆ ಚಿಕಿತ್ಸೆ ಕೊಡುವ ವೈದ್ಯರನ್ನೇ ಕೇಳಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಶಾಲೆಯಲ್ಲಿ ಮೊಟ್ಟೆಯ ಬದಲು ಮಗನಿಗೆ ಬಾಳೆಹಣ್ಣು ಕೊಡುತ್ತಾರೆ, ಹಿಂದೆ ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಇವು ಮೊಟ್ಟೆಗೆ ಸಮವೇ? ಹುಳಿ ಬಂದ ಅಂಬಲಿಯಲ್ಲಿ ಬಿ12 ಇದೆ ಎಂದು ಮೊಬೈಲಿನಲ್ಲಿ ಓದಿದೆ, ನಿಜವೇ? (ಬಾಗಲಕೋಟೆ ಜಿಲ್ಲೆಯ ತಾಯಿಯೊಬ್ಬರು)

ಉತ್ತರ: ಬಾಳೆಹಣ್ಣಿನಲ್ಲಿ ಬಿ6 ಇದೆ, ಶೇಂಗಾದಲ್ಲಿ ಬಿ3, ಫೋಲೇಟ್, ಒಳ್ಳೆಯ ಪ್ರೋಟೀನ್ ಇವೆ. ಬಿ12 ಮಾತ್ರ ಎರಡರಲ್ಲೂ ಇಲ್ಲ. ಮೊಟ್ಟೆ ತಿನ್ನದ ಮಗುವಿಗೆ ಮೊಟ್ಟೆಯಿಂದ ತಪ್ಪಿಹೋಗುವುದು ಮುಖ್ಯವಾಗಿ ಅದೇ ಆದ್ದರಿಂದ, ಈ ವಿಷಯದಲ್ಲಿ ಬಾಳೆಹಣ್ಣು ಮೊಟ್ಟೆಗೆ ಬದಲಿಯಾಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಎದ್ದ ವಾದವಿವಾದದಲ್ಲಿ ಈ ಅಂಶ ಎಲ್ಲೋ ಮುಚ್ಚಿಹೋಯಿತು ಎಂಬ ಬೇಸರ ನನಗಿದೆ. ತಿನ್ನುವ ಮನೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾದದ್ದು 2024ರಲ್ಲಿ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ. ಬಡಮಕ್ಕಳ ಪಾಲಿಗೆ ಅದು ದೊಡ್ಡ ಆಸರೆ.

ನಿಮ್ಮ ಮನೆಯ ನಂಬಿಕೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹಾಲು, ಮೊಸರು ನಿಮ್ಮ ದಾರಿ. ಒಂದು ಮೊಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಮೈಕ್ರೊಗ್ರಾಂ ಬಿ12 ಇರುತ್ತದೆ, ಒಂದು ಲೋಟ ಹಸುವಿನ ಹಾಲಿನಲ್ಲೂ ಸುಮಾರು ಅಷ್ಟೇ; ಚಿಕ್ಕ ಮಗುವಿಗೆ ದಿನಕ್ಕೆ ಬೇಕಾದದ್ದು ಒಂದು ಮೈಕ್ರೊಗ್ರಾಂ ಆಸುಪಾಸು. ಶಾಲೆಯ ಹಾಲಿನ ಜೊತೆಗೆ ಮನೆಯಲ್ಲಿ ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಗಟ್ಟಿ ಮೊಸರು ಪ್ರತಿದಿನ ತಪ್ಪದೆ ಸಿಕ್ಕರೆ ಸಾಕು. ಒಂದು ಸೌಟು ಮೊಸರಿಗೆ ಒಂದು ತಂಬಿಗೆ ನೀರು ಬೆರೆಸಿದ ಮಜ್ಜಿಗೆ ಬಾಯಾರಿಕೆಗೆ ಒಳ್ಳೆಯದು, ಬಿ12 ಲೆಕ್ಕಕ್ಕೆ ಬರುವುದಿಲ್ಲ.

ಅಂಬಲಿಯ ಮಾತು ಅರ್ಧ ನಿಜ. ಹುಳಿ ಬರುವಾಗ ಕೆಲವು ‘ಬಿ’ ಜೀವಸತ್ವಗಳು ಹೆಚ್ಚುತ್ತವೆ, ಜೀರ್ಣವೂ ಸುಲಭ. ಆದರೆ ಅದರಿಂದ ಬಿ12 ಸಿಗುವುದೆಂದು ನಂಬಿ ಕೂರುವಂತಿಲ್ಲ. ಪಾಚಿಯ ಮಾತ್ರೆಗಳಲ್ಲಿ ಬಿ12 ಇದೆ ಎಂಬ ಜಾಹೀರಾತನ್ನೂ ನಂಬಬೇಡಿ. ಅದರಲ್ಲಿರುವ ಹೆಚ್ಚಿನ ಅಂಶ ಮನುಷ್ಯನ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪದ್ದು.

ಪ್ರಶ್ನೆ: ಎದೆಹಾಲು ಸಾಲದೆ ಏಳು ತಿಂಗಳ ಮೊಮ್ಮಗನಿಗೆ ಆಡಿನ ಹಾಲು ಕುಡಿಸುತ್ತಿದ್ದೇವೆ. ಬಿಳಚಿಕೊಂಡಿದ್ದಾನೆ. ಆಡಿನ ಹಾಲು ತಾಯಿಯ ಹಾಲಿಗೆ ಸಮ ಎನ್ನುತ್ತಾರಲ್ಲ? (ಪಾವಗಡ ತಾಲ್ಲೂಕು)

ಉತ್ತರ: ಸಮವಲ್ಲ. ಆಡಿನ ಹಾಲಿನಲ್ಲಿ ಫೋಲೇಟ್, ಅಂದರೆ ಬಿ9, ತೀರಾ ಕಡಿಮೆ. ಅದನ್ನೇ ಮುಖ್ಯ ಆಹಾರವಾಗಿ ಕುಡಿಸಿದ ಕೂಸುಗಳಲ್ಲಿ ರಕ್ತಕಣಗಳು ಬಲಿಯದೆ, ದೊಡ್ಡದಾಗಿ ಉಬ್ಬಿ, ರಕ್ತಹೀನತೆ ಬರುತ್ತದೆ. ಮೊಮ್ಮಗನ ರಕ್ತಪರೀಕ್ಷೆ ಮಾಡಿಸಿ. ಎದೆಹಾಲನ್ನು ಎಷ್ಟು ಬಂದರೆ ಅಷ್ಟು ಮುಂದುವರಿಸಿ, ಮೆತ್ತಗೆ ಬೇಯಿಸಿ ಮಸೆದ ಹೆಸರುಬೇಳೆ, ದಂಟು ಅಥವಾ ಮೆಂತ್ಯೆ ಸೊಪ್ಪು, ರಾಗಿ ಸರಿ ಆರಂಭಿಸಿ. ನಿಮ್ಮ ಕಡೆಯ ಬಸ್ಸಾರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ: ಸೊಪ್ಪು, ಕಾಳು ಬೆಂದ ನೀರಿಗೆ ಇಳಿದ ಫೋಲೇಟನ್ನು ಚೆಲ್ಲದೆ ಸಾರು ಮಾಡುತ್ತೀರಿ. ಖಾರ ಹಾಕುವ ಮುನ್ನ ಆ ಕಟ್ಟನ್ನು ಒಂದು ಬಟ್ಟಲು ತೆಗೆದು, ಕೂಸಿನ ಮುದ್ದೆ ಅಥವಾ ಅನ್ನಕ್ಕೆ ಕಲಸಿ ತಿನ್ನಿಸಿ.

ಪ್ರಶ್ನೆ: ಜೋಳ ಉಣ್ಣುವವರಿಗೆ ‘ಪೆಲ್ಲಾಗ್ರ’ ಎಂಬ ಚರ್ಮರೋಗ ಬರುತ್ತದೆ ಎಂದು ಒಂದು ಕಡೆ ಓದಿದೆ. ಎರಡು ವರ್ಷದ ಮಗಳಿಗೆ ರೊಟ್ಟಿ ನಿಲ್ಲಿಸಿ ಅನ್ನ ಕೊಡಲೇ? (ಕಲಬುರಗಿ ಜಿಲ್ಲೆ)

ಉತ್ತರ: ನಿಲ್ಲಿಸಬೇಡಿ. ನೀವು ಓದಿದ್ದು ಹಳೆಯ ಕಾಲದ ನಿಜ. ಪೆಲ್ಲಾಗ್ರ ಬರುವುದು ಬಿ3, ಅಂದರೆ ನಿಯಾಸಿನ್, ಕೊರತೆಯಿಂದ. ದಖ್ಖನಿನ ಜೋಳದ ಸೀಮೆಯಲ್ಲಿ ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದಗಳಲ್ಲಿ ಚರ್ಮ ಕಪ್ಪಾಗಿ ಸುಲಿಯುವ ಈ ರೋಗ ಕೂಲಿಕಾರರಲ್ಲಿ ಬಹಳವಿತ್ತು. ಚಿಕ್ಕ ಮಕ್ಕಳಲ್ಲಿ ಅಪರೂಪ. ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಬಿ3 ಜೀವಸತ್ವದ ಬಳಕೆಗೆ ಅಡ್ಡಬರುತ್ತದೆ ಎಂಬ ವಿವರಣೆಯನ್ನು ಮುಂದಿಟ್ಟರು. ಅದರ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯಿತು. ಆದರೆ ರೋಗ ಬರುತ್ತಿದ್ದುದು ರೊಟ್ಟಿ, ಖಾರ ಬಿಟ್ಟರೆ ತಟ್ಟೆಯಲ್ಲಿ ಬೇರೇನೂ ಇರದ ಮನೆಗಳಲ್ಲಿ ಎಂಬುದರಲ್ಲಿ ಅನುಮಾನವಿಲ್ಲ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಬೇಳೆ, ಪುಂಡಿಪಲ್ಯ, ಮೊಸರು ಇದ್ದ ಮನೆಗೆ ಅದು ಬರಲಿಲ್ಲ. ಜೋಳ ಬಿಟ್ಟು ಪಾಲಿಶ್ ಮಾಡಿದ ಅನ್ನಕ್ಕೆ ಹೋದರೆ ಬಿ1, ಕಬ್ಬಿಣ, ನಾರು ಎಲ್ಲದರಲ್ಲೂ ನಷ್ಟವೇ. ಬಿಸಿ ರೊಟ್ಟಿಯನ್ನು ಚೂರು ಮಾಡಿ ಹಾಲಿನಲ್ಲಿ ಅಥವಾ ಬೇಳೆಯ ಕಟ್ಟಿನಲ್ಲಿ ನೆನೆಸಿ ಮಗಳಿಗೆ ಕೊಡಿ, ಶೇಂಗಾ ಹಿಂಡಿಯನ್ನು ಖಾರವಿಲ್ಲದೆ ನುಣ್ಣಗೆ ಕುಟ್ಟಿ ಬೆರೆಸಿ. ಇಡಿಯ ಶೇಂಗಾ ಕಾಳನ್ನು ಮಾತ್ರ ಈ ವಯಸ್ಸಿನಲ್ಲಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು.

ಪ್ರಶ್ನೆ: ನನ್ನ ಮೂರು ವರ್ಷದ ಮಗನಿಗೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್ಪನ್ನು ಆರು ತಿಂಗಳಿಂದ ಹಾಕುತ್ತಿದ್ದೇನೆ, ರಕ್ತ ಏರುತ್ತಿಲ್ಲ. ಊರಿನಲ್ಲಿ ಸೂಜಿ ಹಾಕುವವರೊಬ್ಬರು ಬಿ-ಕಾಂಪ್ಲೆಕ್ಸ್ ಟಾನಿಕ್ ಕುಡಿಸಿ, ತಿಂಗಳಿಗೊಂದು ಕೆಂಪು ಇಂಜೆಕ್ಷನ್ ಹಾಕಿಸಿ ಎನ್ನುತ್ತಾರೆ. ಮಾಡಿಸಲೇ? (ಕೊಪ್ಪಳ ಜಿಲ್ಲೆ)

ಉತ್ತರ: ಮೊದಲು ಸಿರಪ್ಪಿನ ಲೆಕ್ಕ ನೋಡೋಣ. ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಹಾಕಬೇಕು, ಪ್ರತಿ ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಇದು ರಕ್ತಹೀನತೆ ಬಾರದಂತೆ ತಡೆಯುವ ಪ್ರಮಾಣ. ಬಂದಾದ ಮೇಲೆ ಗುಣಪಡಿಸಲು ಬೇರೆ ಪ್ರಮಾಣ ಬೇಕು, ಅದನ್ನು ಮಗುವಿನ ತೂಕ ನೋಡಿ ವೈದ್ಯರು ಹೇಳುತ್ತಾರೆ. ಎರಡನೆಯದಾಗಿ, ಆ ಸಿರಪ್ಪಿನಲ್ಲಿ ಬಿ12 ಇಲ್ಲ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಎಲ್ಲವೂ ಕಬ್ಬಿಣದ ಕೊರತೆಯಿಂದಲೇ ಬಂದದ್ದಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳ ರಕ್ತ ಪರೀಕ್ಷಿಸಿದಾಗ ನೂರಕ್ಕೆ 23 ಮಕ್ಕಳಲ್ಲಿ ಫೋಲೇಟ್, 14 ಮಕ್ಕಳಲ್ಲಿ ಬಿ12 ಕೊರತೆ ಕಂಡುಬಂದಿತು. ಬಿ12 ಇಲ್ಲದ ಮಗುವಿಗೆ ಬರೀ ಫೋಲಿಕ್ ಆಮ್ಲವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ರಕ್ತ ಸ್ವಲ್ಪ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುವ ಅಪಾಯವಿದೆ.

ಹಾಗಾದರೆ ಟಾನಿಕ್ ಏಕೆ ಬೇಡ? ಅದು ವಿಷವೇನಲ್ಲ. ಆದರೆ ಕೆಲವು ಬಿ-ಕಾಂಪ್ಲೆಕ್ಸ್ ಟಾನಿಕ್ಕುಗಳಲ್ಲಿ ಬಿ12 ಇರುವುದೇ ಇಲ್ಲ, ಬಾಟಲಿಯ ಮೇಲೆ ಓದಿ ನೋಡಿದರೆ ತಿಳಿಯುತ್ತದೆ. ಮೂತ್ರ ಹಳದಿಯಾದರೆ ಔಷಧ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾರೆ; ಅದು ಹೆಚ್ಚಾದ ಬಿ2 ಹೊರಗೆ ಹೋಗುತ್ತಿರುವ ಬಣ್ಣ ಅಷ್ಟೇ. ಕೆಂಪು ಇಂಜೆಕ್ಷನ್ ನಿಜವಾಗಿಯೂ ಬಿ12 ಆಗಿದ್ದರೆ ಒಳ್ಳೆಯ ಔಷಧ, ಆದರೆ ಪರೀಕ್ಷೆಯಿಲ್ಲದೆ ಹಾಕಿಸಿದರೆ ಮುಂದೆ ಮಗುವಿನ ನಿಜವಾದ ಕೊರತೆ ಏನಿತ್ತೆಂದು ಪತ್ತೆ ಹಚ್ಚುವುದೇ ಕಷ್ಟವಾಗುತ್ತದೆ, ಸೂಜಿಯ ಶುಚಿತ್ವದ ಭಯ ಬೇರೆ.

ಆ ದುಡ್ಡನ್ನು ನೀವು ಬೇರೆ ರೀತಿಯಲ್ಲಿ ಖರ್ಚು ಮಾಡಬೇಕೆಂದು ನನ್ನ ಸಲಹೆ. ನಿಮ್ಮ ಮನೆಯಲ್ಲಿ ಮಾಂಸ ಉಣ್ಣುವುದಾದರೆ ಕೋಳಿ ಅಥವಾ ಆಡಿನ ಕಾರ್ಜ, ಅಂದರೆ ಲಿವರ್, ವಾರಕ್ಕೊಮ್ಮೆ ಅಡಿಕೆ ಗಾತ್ರದ ಎರಡು ತುಂಡನ್ನು ಚೆನ್ನಾಗಿ ಬೇಯಿಸಿ ಮಸೆದು ಅನ್ನದಲ್ಲಿ ಕಲಸಿ ಕೊಡಿ. ಬಿ12, ಬಿ2, ಫೋಲೇಟ್, ಕಬ್ಬಿಣ ಇಷ್ಟು ಸಾಂದ್ರವಾಗಿ ಒಂದೇ ಕಡೆ ಇರುವ ಅಗ್ಗದ ಆಹಾರ ಇನ್ನೊಂದಿಲ್ಲ. ದಿನ ಬಿಟ್ಟು ದಿನ ಒಂದು ಮೊಟ್ಟೆ ಸೇರಿಸಿ. ಅಂಗನವಾಡಿಯಿಂದ ಬರುವ ಆಹಾರವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳದೆ ಮಗುವಿಗೇ ಎತ್ತಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಅವರು ಬರುವವರೆಗೂ ಕಾಯದೆ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತದ ಲೇಪ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ನಿಮ್ಮ ಪತ್ರದ ಕೊನೆಯಲ್ಲಿ ನೀವು ಮತ್ತೆ ಐದು ತಿಂಗಳ ಗರ್ಭಿಣಿ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಿಮ್ಮ ಊಟದ ಬಗ್ಗೆ ಏನೂ ಬರೆದಿಲ್ಲ. ರಾತ್ರಿ ಏನು ಉಂಡಿರಿ ಎಂದು ನಾನು ಹೊರರೋಗಿ ವಿಭಾಗದಲ್ಲಿ ತಾಯಂದಿರನ್ನು ಕೇಳಿದಾಗ, ‘ಎಲ್ಲರೂ ಉಂಡ ಮೇಲೆ ಉಳಿದದ್ದು’ ಎಂಬ ಉತ್ತರವನ್ನೇ ಹೆಚ್ಚಾಗಿ ಕೇಳಿದ್ದೇನೆ. ಮಗನ ಜೊತೆಗೆ ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಗರ್ಭಿಣಿ, ಬಾಣಂತಿಯರಿಗಾಗಿ 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಹಾಲು, ಮೊಟ್ಟೆ ನಿಮಗೂ ಸಲ್ಲಬೇಕಾದದ್ದು. ನಾಳೆಯಿಂದಲೇ ಅಂಗನವಾಡಿಗೆ ಹೋಗಿ ಉಣ್ಣಿರಿ, ಅಲ್ಲಿ ಕೊಟ್ಟ ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತರಬೇಡಿ. ಹೊಟ್ಟೆಯಲ್ಲಿರುವ ಕೂಸು ತನ್ನ ಬಿ12 ದಾಸ್ತಾನನ್ನು ಈ ನಾಲ್ಕು ತಿಂಗಳಲ್ಲಿ ನಿಮ್ಮಿಂದಲೇ ತುಂಬಿಕೊಳ್ಳಬೇಕಾಗಿದೆ.